ಸ್ಪೀಕರ್ ಮ್ಯಾಲಿನ ರೊಟ್ಟಿ ಗಂಟು

ಇವತ್ತು ಗಂಗಾವತ್ಯಾಗ ಕಾರಿನ ಹಿಂದಿನ ಸ್ಪೀಕರ್ ತೆಗಿಸಿ ದೊಡ್ಡವು ಹಾಕಿಸಿದೆ. ತಾವರಗೇರಾ ದಾಟೂದ್ರಾಗ ಹಾಡಿನ ದನಿ ಕುಂತಂಗಾತು. ಜೊತಿಗೆ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ವಾಸನಿ. ಹಿಂದ ಕುಂತ ಅವ್ವ ಏನ್ ಮಾಡ್ಯಾಳ ಅಂತ ತಿರುಗಿ ನೋಡೂ ಮೊದಲ ಗೊತ್ತಾತು.

ನಾ ಸಣ್ಣಾಂವಿದ್ದಾಗ ಅಪ್ಪಗ ಒಂದ ಹುಚ್ಚು, ಹಳೇ ಅಂಬಾಸಿಡರ್ ಕಾರಿಗೆ ಹೊಸ ಹೊಸ ಸ್ಪೀಕರ್ ಹಾಕ್ಸೂದು. ಹಿಂದಿನ ಗಾಜಿನ ಬುಡಕ್ಕ ಕೂಡಿಸಿ, ಅಂಗಿ ತುದೀಲೆ ಧೂಳ ಒರಸ್ತಿದ್ದ. ಊರಿಗೆ ಹೊಂಟ್ವಿ ಅಂದ್ರ ಅವ್ವ ಬಿಳೇ ಅರಿವ್ಯಾಗ ಕಟ್ಟಿದ ರೊಟ್ಟಿ ಗಂಟು ತಂದು ನೆಟ್ಟಗ ಅದರ ಮ್ಯಾಲೇ ಇಡಾಕಿ.

"ಏ, ಅದು ಸ್ಪೀಕರ್ ಐತಿ, ನಿನ್ನ ಅಡಗಿಮನಿ ಕಟ್ಟಿ ಅಲ್ಲ!" ಅಂತ ಅಪ್ಪ ಒದರಾಂವ.

"ಉಣ್ಣೂ ರೊಟ್ಟಿ ಕಾಲಾಗ ಇಡ್ಲೇನ್ರಿ?" ಅನ್ನಾಕಿ ಅವ್ವ.

ಅಪ್ಪ ಸಿಟ್ಟಿಗೆ ಸೌಂಡ್ ಏರಸಾಂವ, ಸ್ಪೀಕರ್ ಹರಿದು ಗರ್ ಗರ್ ಅನ್ನಾವು. ಮುಂದಿನ ಸಲ ಇನ್ನೂ ದೊಡ್ಡವು ತರಾಂವ. ಅವ್ವಗ ಗಂಟು ಇಡಾಕ ಇನ್ನೂ ಛಲೋ ಜಾಗ ಆಗೂದು.

"ಅವ್ವಾ, ಅದನ್ನ ಮೊದಲ ತೆಗಿಯವ್ವಾ!" ಇವತ್ತು ನಾನೂ ಒದರಿದೆ.

"ನಿಮ್ಮಪ್ಪನೂ ಹಿಂಗ ಒದರ್ತಿದ್ರು," ಅಂದ್ಲು ಅವ್ವ. "ಹಸಿವಾದಾಗ ಮಾತ್ರ ಎಲ್ಲಾರಿಗಿಂತ ಮೊದಲ ಅವರ ಕೈಯೇ ಗಂಟಿಗೆ ಹೋಗ್ತಿತ್ತು."

ಕುಷ್ಟಗಿ ಇನ್ನೂ ದೂರ ಐತಿ. ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ ಹಾಡು ಬಂದ್ ಮಾಡೀನಿ. ಸಿಟ್ಟು ಇನ್ನೂ ಇಳಿದಿಲ್ಲ. ಕೈಯಾಗಿನ ರೊಟ್ಟೀನೂ ಇನ್ನೂ ಬಿಸಿ ಐತಿ.