ಕಾರ್ಪೆಟ್ಟಿನಡಿಯ ಬಿಸಿನೀರು

ಬಟಾಣಿ ಸುಲಿಯಲು ನೆಲದ ಮೇಲೆ ಕುಳಿತೆ, ಸೀರೆ ಒದ್ದೆಯಾಯಿತು. ಮುಟ್ಟಿ ನೋಡಿದರೆ ಕಾರ್ಪೆಟ್ಟಿನಡಿ ಬೆಚ್ಚನೆಯ ನೀರು. ಅಡಿಲೇಡಿನ ಮಗಳ ಮನೆಯಲ್ಲಿ ಎಲ್ಲರೂ ಸೋಫಾದ ಮೇಲೆ ಕೂರುವವರು. ನೆಲದಲ್ಲಿರುವುದು ನಾನು ಮತ್ತು ಅಂಬೆಗಾಲಿಡುವ ಮೊಮ್ಮಗ. ತಲೆ ಎತ್ತಿದರೆ ಅವನು ಆ ಒದ್ದೆಯಲ್ಲೇ ಕೈ ಊರಿಕೊಂಡು, ಟಿವಿಯ ವೈರು ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಕಡೆ ಹೋಗುತ್ತಿದ್ದಾನೆ. ಕಾಲು ಹಿಡಿದು ಎಳೆದುಬಿಟ್ಟೆ. ಅವನು ಕಿರುಚಿದ.

ಮಗಳು ಓಡಿಬಂದಳು. “ಏನಮ್ಮ ನೀನು, ಮಗು ಸೂಸು ಮಾಡಿರತ್ತೆ ಅಷ್ಟೆ.”

“ಇಷ್ಟೊಂದು ಸೂಸು ಆನೆಮರೀನೇ ಮಾಡ್ಬೇಕು. ಮೊದ್ಲು ಮೇನ್ ಸ್ವಿಚ್ ಆರ್ಸು!” ಎಂದೆ. ಮಗುವನ್ನು ಅವುಚಿಕೊಂಡು ಒಣಗಿದ ಕಡೆಗೆ ಸರಿದೆ.

ಮನೆ ಬೆಚ್ಚಗಿಡುವ ಹೀಟರಿನ ಬಿಸಿನೀರು ಗೋಡೆಯ ಬುಡದ ಪೈಪಿನಲ್ಲಿ ಓಡುತ್ತದೆ. ಅದರ ಪ್ರೆಷರ್ ತೋರಿಸುವ ಮೀಟರಿನ ಮುಳ್ಳು ಇಳಿದಾಗಲೆಲ್ಲ ಅಳಿಯ ನಲ್ಲಿ ತಿರುಗಿಸಿ ಮತ್ತೆ ನೀರು ತುಂಬುತ್ತಿದ್ದ. “ಹಳೇ ಸಿಸ್ಟಮ್ ಅತ್ತೆ, ಸ್ವಲ್ಪ ಇಳಿಯೋದು ಮಾಮೂಲಿ ಅಂದ್ಕೊಂಡಿದ್ದೆ,” ಎಂದ. ತುಂಬಿದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಪ್ಲಂಬರ್ ಬಂದು ತೂತಾದ ಪೈಪು ಬದಲಾಯಿಸಿದ. ಈಗ ಮುಳ್ಳು ಕದಲುವುದಿಲ್ಲ. ಆದರೂ ಮೊಮ್ಮಗನನ್ನು ನೆಲಕ್ಕೆ ಬಿಡಲು ನನಗೆ ಧೈರ್ಯವಿಲ್ಲ, ಸೊಂಟದ ಮೇಲೇ ಹೊತ್ತು ತಿರುಗುತ್ತೇನೆ. ಹೀಗೆ ಎತ್ತಿಕೊಂಡೇ ಇದ್ದರೆ ಅವನು ನಡೆಯುವುದು ತಡವಾಗುತ್ತದೆ ಎಂದು ಮಗಳು ಬೈಯುತ್ತಾಳೆ. ತಡವಾಗಲಿ.