ತಂಪಣ್ಣನ ಹೀಟರ್

ತಂಪಣ್ಣ ಎಂದು ಅವನಿಗೆ ಹೆಸರಿಟ್ಟವರು ಗಿರಾಕಿಗಳು. ಮೂವತ್ತು ವರ್ಷ ಕುದಿಯುವ ಎಂಜಿನ್ನುಗಳನ್ನೇ ರಿಪೇರಿ ಮಾಡಿದ ಮೆಕ್ಯಾನಿಕ್ ಅವನು. ಗ್ಯಾರೇಜಿಗೆ ಕಾಲಿಟ್ಟವರಿಗೆ, ಕೇಳಲಿ ಬಿಡಲಿ, ಪಾಠ ತಪ್ಪುತ್ತಿರಲಿಲ್ಲ. “ತೊಂಬತ್ತು ಡಿಗ್ರಿ ಅಂದ್ರೆ ಎಂಜಿನ್ನಿಗೆ ಜ್ವರ ಅಲ್ಲ ಸ್ವಾಮಿ, ಅದೇ ಅದರ ಆರೋಗ್ಯ. ಕಾವು ತೋರಿಸೋ ಮೀಟರಿನ ಮುಳ್ಳು ನಡುವೆ ನಿಂತಿದ್ರೆ ನೆಮ್ಮದಿಯಾಗಿರಿ. ಮೇಲೆ ಹತ್ತಿದ್ರೆ ಗಾಡಿ ಪಕ್ಕಕ್ಕೆ ಹಾಕಿ. ಬಿಸಿ ಇರೋವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ.” ನಿಲ್ಲಿಸುವ ಹಾಗೇ ಇಲ್ಲದಿದ್ದರೆ? ಅದಕ್ಕೂ ಉಪಾಯವಿತ್ತು. ಹೀಟರನ್ನು ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಕಾವು ಒಳಗೆ ಕೂತವರ ಮೇಲೆ ಬೀಸುತ್ತದೆ, ಎಂಜಿನ್ ಬದುಕಿಕೊಳ್ಳುತ್ತದೆ. “ನೀವು ಸ್ವಲ್ಪ ಬೇಯಿರಿ, ಅದು ತಣ್ಣಗಾಗುತ್ತೆ” ಎಂದು ನಗಿಸುತ್ತಿದ್ದ.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಅವನ ಸ್ವಂತ ಕಾರಿನ ರೇಡಿಯೇಟರ್ ಫ್ಯಾನ್ ಕೆಟ್ಟು ತಿಂಗಳಾಗಿತ್ತು. ಓಡುವ ಗಾಡಿಗೆ ಗಾಳಿ ತಾನಾಗಿಯೇ ಸಿಗುತ್ತದಲ್ಲ, ನಾಳೆ ನೋಡಿದರಾಯಿತು ಎಂದು ಮುಂದೂಡುತ್ತಲೇ ಬಂದಿದ್ದ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹೆಂಡತಿಗೆ ಎದೆ ಹಿಡಿದುಕೊಂಡಿತು. ಎದೆಯುರಿ ಇರಬೇಕು ಎಂದೇ ಇಬ್ಬರೂ ಅಂದುಕೊಂಡು ಆಸ್ಪತ್ರೆಗೆ ಹೊರಟರು. ಸೇತುವೆಯ ಮೇಲೆ ವಾಹನಗಳು ತೆವಳುತ್ತಿದ್ದವು. ಗಾಳಿಯಿಲ್ಲದೆ ಮುಳ್ಳು ಕೆಂಪಿಗೆ ಏರಿತು.

“ನಿಮ್ಮ ಹೀಟರ್ ಹಾಕಿ, ನಾನು ತಡ್ಕೋತೀನಿ” ಎಂದಳು. ಗಂಡನ ಪಾಠ ಅವಳಿಗೂ ಬಾಯಿಪಾಠವಾಗಿತ್ತು.

ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವಳ ಮೇಲೆ ಬೆಂಕಿಯಂಥ ಗಾಳಿ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. “ನೀನು ಬೇಯೋದು ಬೇಡ. ಇಪ್ಪತ್ತು ನಿಮಿಷ ನಿಂತ್ರೆ ಆಯ್ತು” ಎಂದು ಗಾಡಿಯನ್ನು ಅಂಚಿಗೆ ಹಾಕಿ, ಕಿಟಕಿ ಇಳಿಸಿ, ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಾ ಕೂತ. ಎಂಜಿನ್ ಆರುವ ಮೊದಲೇ ಅವಳ ಕೈ ತಣ್ಣಗಾಯಿತು.

ಹೀಟರ್ ಹಾಕಿಕೊಂಡು ತೆವಳಿದ್ದರೂ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಆಮೇಲೆ ಎಷ್ಟೋ ಸಲ ಅಳೆದು ನೋಡಿದ್ದಾನೆ. ಸಾವಿಗೆ ಬಂದವರೆಲ್ಲ ಹಣೆಬರಹ ಎಂದರು. ಅವಳಾಡಿದ ಮಾತನ್ನು ಅವನು ಯಾರಿಗೂ ಹೇಳಲಿಲ್ಲ, ಮಗಳಿಗೂ. ಹೊಟ್ಟೆಯೊಳಗಿನ ಬೆಂಕಿ ಮಾತ್ರ ಒಂದು ದಿನವೂ ಆರಲಿಲ್ಲ.

ಫ್ಯಾನ್ ಬದಲಿಸಿದ. ಅರ್ಧ ಗಂಟೆಯ ಕೆಲಸ. ಈಗ ಮುಳ್ಳು ನಡು ಬಿಟ್ಟು ಕದಲುವುದಿಲ್ಲ. ಆದರೂ ಆ ಸೇತುವೆ ಬಂದ ಕೂಡಲೇ ಹೀಟರ್ ಹಾಕುತ್ತಾನೆ. ನೋಡಿದವರು ತಲೆ ಕೆಟ್ಟಿದೆ ಎನ್ನುತ್ತಾರೆ. ಅನ್ನಲಿ, ಆಡಿಕೊಳ್ಳುವವರ ಬಾಯಿಗೆ ಮುಚ್ಚಳ ಎಲ್ಲಿದೆ?

ಮೊನ್ನೆ ಸುಡುಬಿಸಿಲಿನಲ್ಲಿ ಮಗಳು ಪಕ್ಕದಲ್ಲಿದ್ದಳು. ಬಿಸಿಗಾಳಿ ಮುಖಕ್ಕೆ ಹೊಡೆದಾಗ, “ಅಪ್ಪಾ, ಎಂಜಿನ್ ಚೆನ್ನಾಗೇ ಇದೆಯಲ್ಲ, ಇದ್ಯಾಕೆ?” ಎಂದು ಆಫ್ ಮಾಡಲು ಕೈ ಚಾಚಿದಳು.

“ನಿಮ್ಮಮ್ಮ ಹಾಕಿ ಅಂದಿದ್ಲು. ತಡ್ಕೋತೀನಿ ಅಂದಿದ್ಲು. ನಾನೇ ಹಾಕ್ಲಿಲ್ಲ ಮಗಳೇ.”

ಅವಳಿಗೆ ಅರ್ಥವಾಗಲು ಅರ್ಧ ಸೇತುವೆ ಬೇಕಾಯಿತು. ಕೈ ಹಿಂದಕ್ಕೆ ತೆಗೆದುಕೊಂಡಳು. ತೆರೆದಿದ್ದ ತನ್ನ ಕಿಟಕಿಯನ್ನು ಮೇಲೇರಿಸಿದಳು. ಆಸ್ಪತ್ರೆಯ ಗೇಟು ದಾಟುವವರೆಗೂ ಇಬ್ಬರೂ ಬೆವರುತ್ತಾ ಕೂತಿದ್ದರು.