ಹನ್ನೆರಡು ಮಂಚದ ಪುಸ್ತಕ

ಟೈಫಾಯಿಡ್ ಬಿಟ್ಟುಹೋದ ಮೇಲೆ ಬರುವ ಹಸಿವು ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ನಾನು ಅನುಭವಿಸಿದ್ದು ಐವತ್ತರ ದಶಕದಲ್ಲಿ, ಗುಂಡ್ಲುಪೇಟೆಯ ಶಾಲೆಯೊಂದಕ್ಕೆ ಮೇಷ್ಟರಾಗಿ ಸೇರಿದ ಎರಡನೆಯ ವರ್ಷ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದವನು ಜ್ವರದಲ್ಲಿ ಪ್ರಜ್ಞೆ ತಪ್ಪಿದಾಗ, ಶಾಲೆಯ ಜವಾನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ.

ಆ ಆಸ್ಪತ್ರೆ ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಒಂದು ಸಣ್ಣ ಊರಿನಲ್ಲಿತ್ತು. ಊರಿನ ಹೆಸರು ಹೇಳುವುದಿಲ್ಲ. ಆ ಕಟ್ಟಡ ಈಗಿಲ್ಲ, ಅಲ್ಲಿದ್ದವರಲ್ಲಿ ಬಹಳ ಮಂದಿ ಇಲ್ಲ, ನಾನು ಹೇಳಹೊರಟಿರುವ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ. ಊರನ್ನು ಎಳೆದು ತಂದು ಪಾಲು ಕೊಡುವುದು ನ್ಯಾಯವಲ್ಲ.

ಅಲ್ಲಿ ಹನ್ನೆರಡು ಮಂಚಗಳಿದ್ದವು. ಸರ್ಕಾರ ಮಂಜೂರು ಮಾಡಿದ್ದು ಅಷ್ಟೇ. ಹನ್ನೆರಡು ಮಂಚ, ಹನ್ನೆರಡು ಕಂಬಳಿ, ಹನ್ನೆರಡು ಜನರಿಗೆ ಹಾಲು ಬ್ರೆಡ್ಡು. ಡಾಕ್ಟರು ಇನ್ನೊಂದು ಆಸ್ಪತ್ರೆಯನ್ನೂ ನೋಡಬೇಕಾಗಿದ್ದರಿಂದ ವಾರಕ್ಕೆ ಮೂರು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಕಂಪೌಂಡರೇ ಎಲ್ಲ. ಮಂಜೂರಾತಿ ನೋಡಿಕೊಂಡು ಕಾಯಿಲೆ ಬರುತ್ತದೆಯೇ? ಯಾವಾಗಲೂ ಮೂರೋ ನಾಲ್ಕೋ ಜನ ನೆಲದ ಮೇಲೆ ಚಾಪೆ ಹಾಸಿಕೊಂಡು ಬಿದ್ದಿರುತ್ತಿದ್ದರು. ಅವರಿಗೂ ಔಷಧಿ ಕೊಡುತ್ತಿದ್ದರು, ಗಾಯ ತೊಳೆಯುತ್ತಿದ್ದರು. ದಾಖಲೆ ಪುಸ್ತಕದಲ್ಲಿ ಅವರ ಹೆಸರುಗಳು ಮಂಚದ ನಂಬರಿಲ್ಲದೆ ಪುಟದ ತಳದಲ್ಲಿರುತ್ತಿದ್ದವು.

ನನ್ನ ಮಂಚದ ಎಡಕ್ಕೆ ನೆಲದ ಮೇಲೆ ಮಲಗಿದ್ದವನು ಕುದೇರಿನವನು. ನಲವತ್ತರ ಹತ್ತಿರ ವಯಸ್ಸು. ಗುಂಡ್ಲುಪೇಟೆ ಕಡೆಯ ತೋಟವೊಂದಕ್ಕೆ ಅರಿಸಿನ ಬೇಯಿಸುವ ಕೂಲಿಗೆ ಬಂದಿದ್ದ. ಕುದಿಯುವ ಕೊಪ್ಪರಿಗೆ ವಾಲಿ ಎಡಗಾಲು ಮಂಡಿಯಿಂದ ಪಾದದವರೆಗೆ ಬೆಂದುಹೋಗಿತ್ತು. ಜೊತೆಗೆ ಬಂದಿದ್ದ ಹೆಂಡತಿ ಆಸ್ಪತ್ರೆಯ ಹಿಂದೆ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದಳು. ರಾಗಿಹಿಟ್ಟು ಬೇಯುವ ವಾಸನೆ ಕಿಟಕಿಯಿಂದ ಬಂದರೆ ನನಗೆ ಅಳು ಬರುತ್ತಿತ್ತು. ಗಂಜಿನೀರು ಬಿಟ್ಟು ಬೇರೇನೂ ಕೊಡಕೂಡದೆಂದು ನನಗೆ ಕಟ್ಟಪ್ಪಣೆಯಾಗಿತ್ತು.

"ಮೇಷ್ಟ್ರೇ, ನಿಮ್ಗೆ ಮಂಚ ಅದೆ, ಊಟ ಇಲ್ಲ. ನಂಗೆ ಊಟ ಅದೆ, ಮಂಚ ಇಲ್ಲ. ಬದ್ಲಾಯಿಸ್ಕಳನ ಬನ್ನಿ," ಎಂದು ಅವನು ನೆಲದಿಂದಲೇ ಕೂಗುತ್ತಿದ್ದ. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದಾಗಲೂ ನನ್ನನ್ನು ರೇಗಿಸುವುದು ಬಿಡುತ್ತಿರಲಿಲ್ಲ. ಡಾಕ್ಟರು ಅನ್ನ ತಿನ್ನಬಹುದೆಂದ ದಿನ ಅವನ ಹೆಂಡತಿ ಅನ್ನವನ್ನು ಬೆಣ್ಣೆಯ ಹಾಗೆ ಕಿವುಚಿ, ತಿಳಿಸಾರು ಹಾಕಿ ತಂದುಕೊಟ್ಟಳು. ಅಂಥ ಊಟವನ್ನು ಆಮೇಲೆ ನಾನು ಯಾರ ಮನೆಯಲ್ಲೂ ಉಂಡಿಲ್ಲ.

ಎರಡು ವಾರದಲ್ಲಿ ಅವನ ಕಾಲು ವಾಸಿಯ ಕಡೆಗೆ ತಿರುಗಿತು. ಡಾಕ್ಟರು ಕಟ್ಟು ಬಿಚ್ಚಿ ನೋಡಿ ಸಂತೋಷಪಟ್ಟರು. "ಇನ್ನು ಹತ್ತು ದಿನ ದಿನಾ ಕಟ್ಟು ಬದಲಾಯಿಸಬೇಕು. ಧೂಳು ತಾಗಿದರೆ ನಂಜಾಗುತ್ತೆ, ಕಾಲು ಮಾತ್ರ ಅಲ್ಲ, ಪ್ರಾಣವೇ ಹೋಗುತ್ತೆ. ಮೊದಲು ಖಾಲಿಯಾಗೋ ಮಂಚ ಇವನಿಗೆ," ಎಂದು ಕಂಪೌಂಡರಿಗೆ ಹೇಳಿದರು. ಮೊದಲು ಖಾಲಿಯಾಗಬೇಕಾಗಿದ್ದುದು ನನ್ನ ಮಂಚ. ಆ ಶುಕ್ರವಾರವೇ ನನ್ನನ್ನು ಮನೆಗೆ ಕಳಿಸಬಹುದೆಂದು ಅವರು ಬರೆದಿಟ್ಟು ಹೋದರು.

ಅವರು ಹೋದ ಮೇಲೆ ಕಂಪೌಂಡರು ನನ್ನ ಮಂಚದ ತುದಿಯಲ್ಲಿ ಬಂದು ಕೂತರು. ಸೋಮವಾರ ಮೈಸೂರಿನಿಂದ ದೊಡ್ಡ ಅಧಿಕಾರಿ ತನಿಖೆಗೆ ಬರುವವರಿದ್ದರು. ದಾಖಲೆ ಪುಸ್ತಕ ಅಯೋಡಿನ್ ಕಲೆ, ಹೊಡೆದುಹಾಕಿದ ಹೆಸರುಗಳಿಂದ ನೋಡಲಾಗದಂತಿತ್ತು. "ನಿಮ್ಮ ಇಂಗ್ಲಿಷ್ ಅಕ್ಷರ ಅಚ್ಚು ಹಾಕಿದ ಹಾಗಿದೆ ಮೇಷ್ಟ್ರೇ. ಎರಡು ದಿನ ಇದ್ದು ಹೊಸ ಪುಸ್ತಕಕ್ಕೆ ಇಳಿಸಿಕೊಟ್ಟು ಹೋಗಿ. ನಿಮಗೂ ಮೈಯಲ್ಲಿ ಬಲ ಬರಲಿ," ಎಂದರು.

ನಾನು ಒಪ್ಪಿಕೊಂಡೆ. ಕಾಲಲ್ಲಿ ಶಕ್ತಿ ಇರಲಿಲ್ಲ, ಕೋಣೆಗೆ ಹೋದರೆ ಗಂಜಿ ಕಾಯಿಸುವವರಿಲ್ಲ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅವೆಲ್ಲ ನಿಜವೇ. ಆದರೆ ನನ್ನ ಅಕ್ಷರವನ್ನು ಹೊಗಳಿದ್ದರಿಂದ ಉಬ್ಬಿಹೋಗಿದ್ದೆ ಎಂಬುದು ಅದಕ್ಕಿಂತ ನಿಜ. ಎದುರು ಮಂಚದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮುದುಕರೊಬ್ಬರಿದ್ದರು, ಚಾಮರಾಜನಗರದ ಸಾಬರು. ಉಬ್ಬಸದಿಂದ ಮಾತು ಕಷ್ಟವಾಗಿದ್ದ ಅವರು ದಮ್ಮು ಹಿಡಿದು ಒಂದೇ ಮಾತು ಹೇಳಿದರು. "ಮೇಷ್ಟ್ರು ಸಾಬ್, ನೀವು ಎದ್ರೆ ಅವನು ಮಲಗ್ತಾನೆ."

"ಎರಡೇ ದಿನ ತಾನೇ," ಎಂದೆ. ಅವರು ಗೋಡೆಯ ಕಡೆಗೆ ಹೊರಳಿದರು.

ಭಾನುವಾರ ಬೆಳಿಗ್ಗೆ ಕಂಪೌಂಡರು ನೆಲದ ಮೇಲಿದ್ದ ನಾಲ್ವರನ್ನೂ, ತನಿಖೆ ಮುಗಿಯುವವರೆಗೆ ಮನೆಗೆ ಹೋಗಿರಿ ಎಂದು ಎಬ್ಬಿಸಿದರು. ಕಂಪೌಂಡರು ಕೆಟ್ಟವರಾಗಿರಲಿಲ್ಲ; ಹಿಂದಿನ ವರ್ಷ ಮಂಚಕ್ಕಿಂತ ರೋಗಿಗಳು ಹೆಚ್ಚಿದ್ದರೆಂದು ಮೇಲಿನವರು ಅವರಿಂದ ವಿವರಣೆ ಕೇಳಿ ಬೆವರಿಳಿಸಿದ್ದರು. "ಬುಧವಾರ ಬಾರಪ್ಪ. ಬಂದ ತಕ್ಷಣ ಮಂಚವೇ ಕೊಡ್ತೀನಿ," ಎಂದು ಕುದೇರಿನವನಿಗೆ ಹೇಳಿ ಹೊಸ ಕಟ್ಟು ಕಟ್ಟಿದರು. ಅವನು ಹೆಂಡತಿಯ ಹೆಗಲ ಮೇಲೆ ಕೈಹಾಕಿ ಎದ್ದ. ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಸಂತೆಮರಹಳ್ಳಿಗೆ ಇನ್ನೊಂದು, ಆಮೇಲೆ ಕುದೇರಿಗೆ ಮಣ್ಣಿನ ದಾರಿ. ಬಾಗಿಲಲ್ಲಿ ನಿಂತು, "ಮಂಚ ಬೆಚ್ಚಗಿಟ್ಟಿರಿ ಮೇಷ್ಟ್ರೇ, ಬಂದ್ಬುಡ್ತೀನಿ," ಎಂದ.

ಅವರು ಹೋದ ಮೇಲೆ ನಾನು ಬರೆಯಲು ಕೂತೆ. ಹೊಸ ಪುಸ್ತಕ, ಹೊಸ ನಿಬ್ಬು. ಮಂಚದ ನಂಬರು, ಹೆಸರು, ಊರು, ಕಾಯಿಲೆ, ಸೇರಿದ ದಿನ. ಹಿಂದಿನ ಪುಟಗಳನ್ನು ಇಳಿಸಿ, ಕೊನೆಯ ಪುಟದ ಹನ್ನೆರಡು ಮುಗಿದು ತಳದ ನಾಲ್ಕು ಹೆಸರಿಗೆ ಬಂದಾಗ, "ಇವರು?" ಎಂದು ಕೇಳಿದೆ.

"ಅವರಿಗೆ ಮಂಚ ಎಲ್ಲಿದೆ? ಮಂಚ ಇಲ್ಲದವರು ಒಳರೋಗಿಗಳು ಹೇಗಾಗ್ತಾರೆ? ಬಿಟ್ಟುಬಿಡಿ," ಎಂದರು ಕಂಪೌಂಡರು.

ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನನಗೆ ಆ ಮಾತು ಸರಿಯಾಗಿಯೇ ಕಂಡಿತು. ಬಿಟ್ಟೆ. ಹನ್ನೆರಡನೆಯ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಪುಟ ಎಷ್ಟು ಚೆನ್ನಾಗಿ ಕಂಡಿತೆಂದರೆ ಶಾಯಿ ಒಣಗುವವರೆಗೂ ನೋಡುತ್ತ ಕೂತಿದ್ದೆ. ಹಳೆಯ ಪುಸ್ತಕವನ್ನು ಆಸ್ಪತ್ರೆಯ ಜವಾನ ನೀರೊಲೆಗೆ ಹಾಕಿದ.

ಸೋಮವಾರ ಅಧಿಕಾರಿ ಬರಲಿಲ್ಲ. ಜೀಪು ಕೆಟ್ಟಿತೆಂದೂ ಗುರುವಾರ ಬರುತ್ತಾರೆಂದೂ ಸುದ್ದಿ ಬಂತು. ನನ್ನನ್ನೂ ಗುರುವಾರದವರೆಗೆ ಇರಿಸಿಕೊಂಡರು. ಡಾಕ್ಟರು ಕೇಳಿದ್ದಕ್ಕೆ, ಕುದೇರಿನವನು ಊರಿಗೆ ಹೋಗಿದ್ದಾನೆ, ಬುಧವಾರ ಬರುತ್ತಾನೆ ಎಂದು ಕಂಪೌಂಡರು ಹೇಳಿದರು. ಹಾಲು ಬ್ರೆಡ್ಡು ಬರುತ್ತಿತ್ತು; ನಾನು ತಿನ್ನುತ್ತಿದ್ದೆ.

ಬುಧವಾರ ಮಧ್ಯಾಹ್ನ ಅವರಿಬ್ಬರೂ ಬಂದರು. ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಅವನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಕಟ್ಟು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು ನಗಲು ನೋಡಿದ; ಮೈ ನಡುಗುತ್ತಿತ್ತು. ಡಾಕ್ಟರು ಬರುವ ದಿನವಲ್ಲ ಅದು. ಕಂಪೌಂಡರು ಹೊರಗೆ ಬಂದು, ತನಿಖೆ ಇನ್ನೂ ಆಗಿಲ್ಲ, ಶುಕ್ರವಾರ ಬನ್ನಿ ಎಂದರು.

"ಹೊಸಬ್ರಲ್ಲ ಸಾಮಿ ನಾವು. ಇಲ್ಲೇ ಇದ್ದೋರು. ಬುಕ್ಕಲ್ಲಿ ಎಸ್ರದೆ, ನೋಡಿ," ಎಂದಳು ಆಕೆ.

ಪುಸ್ತಕ ನನ್ನ ಮಂಚದ ಮೇಲೇ ಇತ್ತು. ಕಂಪೌಂಡರು ನನ್ನ ಕಡೆ ತಿರುಗಿ, "ಹೆಸರಿದೆಯಾ ನೋಡಿ ಹೇಳಿ ಮೇಷ್ಟ್ರೇ," ಎಂದರು.

ಇಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಪುಸ್ತಕ ತೆರೆದು, ಒಂದರಿಂದ ಹನ್ನೆರಡರವರೆಗೆ ಬೆರಳಿಟ್ಟು ಹುಡುಕಿದೆ. ಬರೆಯಲು ಜಾಗವಿತ್ತು. ಕೆಂಪು ಗೆರೆಯ ಕೆಳಗೆ ಪುಟ ಖಾಲಿ ಬಿದ್ದಿತ್ತು. ಅಷ್ಟೂ ಬೇಡ, ಹಾಸಿಗೆ ಸುತ್ತಿಕೊಂಡು ಎದ್ದು, ಬಾರಪ್ಪ ಮಲಗು ಎಂದಿದ್ದರೂ ಆಗುತ್ತಿತ್ತು. ಯಾಕೆ ಏಳಲಿಲ್ಲ ಎಂದು ಈಗ ಎಷ್ಟು ಕೇಳಿಕೊಂಡರೂ ಉತ್ತರ ಒಂದೇ. ಆ ಪುಟ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಮನುಷ್ಯ ಇಂಥ ಕೆಲಸ ಮಾಡುತ್ತಾನೆಂದು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

"ಇಲ್ಲ," ಎಂದೆ.

ಕಲಾಯಿ ಮುದುಕರು ಮಂಚದಿಂದ ಇಳಿಯಲು ಹೊರಟು, ಎರಡು ಹೆಜ್ಜೆಗೇ ಉಸಿರು ಸಿಕ್ಕಿಕೊಂಡು ನೆಲದ ಮೇಲೆ ಕುಸಿದರು. ಕಂಪೌಂಡರೂ ಜವಾನನೂ ಅವರನ್ನು ಎತ್ತಿ ಮಲಗಿಸುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು. ಶುಕ್ರವಾರ ಆ ಗಂಡಹೆಂಡತಿ ಬರಲಿಲ್ಲ.

ಅಧಿಕಾರಿ ಗುರುವಾರವೂ ಬರದೆ ಮುಂದಿನ ಸೋಮವಾರ ಬಂದರು. ವಾರ್ಡಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದರು. ನೆಲ ಸ್ವಚ್ಛವಾಗಿದೆ ಎಂದರು. ಪುಸ್ತಕ ತೆರೆದವರು ನಾಲ್ಕೈದು ಪುಟ ತಿರುವಿ, "ತಾಲ್ಲೂಕು ಆಸ್ಪತ್ರೆಗಳಲ್ಲೂ ಇಷ್ಟು ಅಚ್ಚುಕಟ್ಟಾದ ದಾಖಲೆ ನೋಡಿಲ್ಲ," ಎಂದು ಮೆಚ್ಚಿದರು. ನನಗೆ ಸಂತೋಷವಾಯಿತು. ಆಯಿತು ಎಂದೇ ಬರೆಯಬೇಕು. ಅಂದು ಸಂಜೆ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹಿಂತಿರುಗಿದೆ.

ಒಂದು ತಿಂಗಳು ತಡೆದೆ. ಪಾಠ ಮಾಡುವಾಗ, ಉಣ್ಣುವಾಗ ಅವನ ನಡುಗುವ ಮೈ ಕಣ್ಣೆದುರು ಬರುತ್ತಿತ್ತು. ಕೊನೆಗೊಂದು ಭಾನುವಾರ ಕುದೇರಿಗೆ ಹೋದೆ. ಕೇಳಿಕೊಂಡು ಮನೆಯ ಮುಂದೆ ನಿಂತಾಗ ಬರಿಗೈಯಲ್ಲಿ ಆಕೆ ಹೊರಗೆ ಬಂದಳು. ಬಳೆ ಇಲ್ಲದ ಆ ಕೈ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ.

"ನಂಜು ಏರ್ಬುಡ್ತು ಮೇಷ್ಟ್ರೇ. ಆ ಬುಧವಾರ ಬಂದಿದ್ವಲ್ಲ, ಅದಾದ ಸನಿವಾರ ಓದ್ರು," ಎಂದಳು. ಅಧಿಕಾರಿ ನನ್ನ ಅಕ್ಷರ ಮೆಚ್ಚುವ ಹೊತ್ತಿಗೆ ಅವನು ಮಣ್ಣಾಗಿ ಎರಡು ದಿನವಾಗಿತ್ತು.

ಆಕೆ ಚಾಪೆ ಹಾಸಿ ನೀರು ಕೊಟ್ಟಳು. ಅಷ್ಟರಲ್ಲಿ ಗಂಡನ ಅಣ್ಣ ಹೊಲದಿಂದ ಬಂದ. ನಾನು ಆಸ್ಪತ್ರೆಯಲ್ಲಿ ಜೊತೆಗಿದ್ದ ಮೇಷ್ಟರೆಂದು ತಿಳಿದು ಎದುರು ಕೂತ.

"ಹಂಗಾದ್ರೆ ನೀವೇ ಏಳಿ ಸಾಮಿ. ಅದ್ನೈದು ದಿನ ಆಸ್ಪತ್ರೇಲಿ ಇಟ್ಕಂಡಿದ್ದೆ ಅಂತಾಳೆ ಇವ್ಳು. ನಾನೇ ಓಗಿ ಕೇಳ್ದೆ. ಬುಕ್ಕು ತಗ್ದು ನೋಡಿ ಅಂಥ ಎಸ್ರೇ ಇಲ್ಲ ಅಂದ್ರು. ಎಲ್ಲಿ ಯಾವನ್ ಕೈಲಿ ಸೊಪ್ಪು ಕಟ್ಟಿಸ್ಕಂಡು ಕೂತಿದ್ಲೋ, ನನ್ ತಮ್ಮನ್ನ ತಿಂದ್ಬುಟ್ಲು."

ಆಕೆ ತಲೆ ತಗ್ಗಿಸಿದಳು. ಇದು ಮೊದಲ ಸಲವಲ್ಲ, ದಿನಾ ಕೇಳುವ ಮಾತೆಂದು ಆಕೆಯ ಮುಖ ನೋಡಿದರೇ ತಿಳಿಯುತ್ತಿತ್ತು.

"ಇದ್ದ. ನನ್ನ ಮಂಚದ ಪಕ್ಕದಲ್ಲೇ ಇದ್ದ. ಈಯಮ್ಮ ಹೇಳೋದೆಲ್ಲ ನಿಜ," ಎಂದೆ.

"ಮತ್ತೆ ಬುಕ್ಕಲ್ಲಿ ಯಾಕಿಲ್ಲ?"

ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿಬಿಡಬೇಕೆಂದೇ ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಆಕೆಯೇ ತಲೆಯೆತ್ತಿ ನನ್ನ ಪರವಾಗಿ ಮಾತಾಡಿದಳು.

"ಮೇಷ್ಟ್ರನ್ಯಾಕೆ ಕೇಳೀರಿ ಬಾವ? ಅವ್ರೇನ್ ಮಾಡಾರು, ಬುಕ್ಕಲ್ಲಿ ಇದ್ದಂಗೆ ಓದುದ್ರು. ಬರ್ದ ಪಾಪಿ ಯಾವನೋ, ಅವ್ನ ಕೈ ಸೇದೋಗ! ಅಲ್ವಾ ಮೇಷ್ಟ್ರೇ?"

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.